ತಗ್ಗುದನಿಯ ಕಸುಬುದಾರ

ನಮ್ಮ ಮೇಲಿನ ಮನೆಯ ಸಂಗೀತಗಾರನನ್ನು ಎಲ್ಲರೂ ಗುಡುಗಣ್ಣ ಎಂದೇ ಕರೆಯುತ್ತೇವೆ. ಕುಣಿತದ ಹಾಡುಗಳಿಗೆ ಕಂಪ್ಯೂಟರಿನಲ್ಲಿ ಸಿಂತ್ ಬೇಸ್ ಕಟ್ಟುವುದು, ಅಂದರೆ ಹಾಡಿನ ತಳದಲ್ಲಿ ಗುಂಯ್‌ಗುಡುವ ದನಿಯನ್ನು ಸಿದ್ಧಪಡಿಸುವುದು ಅವನ ಕಸುಬು. ಅವನು ಕೆಲಸಕ್ಕೆ ಕೂತನೆಂದರೆ ನಮ್ಮ ಅಡುಗೆಮನೆಯ ತಟ್ಟೆಗಳೆಲ್ಲ ಗಡಗಡ ನಡುಗುತ್ತವೆ. ಆದರೂ ಹಾಡು ಮಾಡಿಸಲು ಬಂದವರು ಯಾರಾದರೂ “ಬೇಸ್ ಕೇಳಿಸ್ತಿಲ್ಲ, ಜೋರು ಮಾಡಿ” ಎಂದರೆ ಮುಖ ಗಂಟಿಕ್ಕುತ್ತಾನೆ. “ಜೋರು ಮಾಡಿದ್ರೆ ಬರೀ ಗದ್ದಲ ಆಗುತ್ತೆ ರೀ. ಅದಕ್ಕೆ ಅಡ್ಡ ನಿಂತಿರೋದನ್ನ ಮೊದಲು ಸರಿಸಬೇಕು” ಎನ್ನುತ್ತಾ ಅದೇ ಹಾಡಿನ ಗಿಟಾರಿನ ತಗ್ಗುಸ್ವರಗಳನ್ನು ಕತ್ತರಿಸುತ್ತಾನೆ. ಆಮೇಲೆ ಬೇಸ್‌ ದನಿಗೆ ಚಿಟಿಕೆಯಷ್ಟು ಒರಟುತನ ಬೆರೆಸಿ, ಫೋನಿನ ಪುಟ್ಟ ಸ್ಪೀಕರಿನಲ್ಲೂ ಕೇಳಿಸುತ್ತದೆಯೇ ಎಂದು ಮೆಟ್ಟಿಲ ಮೇಲೆ ನನ್ನನ್ನು ತಡೆದು ಫೋನನ್ನು ಕಿವಿಗೆ ಹಿಡಿಯುತ್ತಾನೆ. ನಾನು ತಲೆಯಾಡಿಸುವವರೆಗೂ ಬಿಡುವುದಿಲ್ಲ. ಇದೊಂದು ಹುಚ್ಚು ಎಂದುಕೊಂಡಿದ್ದೆ, ಒಂದು ಭಾನುವಾರ ಅವರ ಮನೆಗೆ ಊಟಕ್ಕೆ ಹೋಗುವವರೆಗೆ. ಗಂಟಲಿನ ಆಪರೇಷನ್ ಆದಮೇಲೆ ಅವನ ಅಕ್ಕನ ದನಿ ಒಡೆದು ಕುಗ್ಗಿಹೋಗಿತ್ತು. ನಾಲ್ಕು ಜನರ ನಡುವೆ ಬಾಯಿ ತೆರೆಯುವುದನ್ನೇ ಆಕೆ ಬಿಟ್ಟಿದ್ದಳು. ಅಂದು ಎಲ್ಲರ ಮಾತಿನ ಅಬ್ಬರದಲ್ಲಿ ಅಕ್ಕನ ತುಟಿ ಅಲುಗಿದ್ದು ಅವನಿಗೊಬ್ಬನಿಗೇ ಕಂಡಿತು. ಗಟ್ಟಿಯಾಗಿ ಹೇಳು ಎನ್ನಲಿಲ್ಲ. ಎದ್ದು ಟೀವಿ ಆರಿಸಿದ, ಫ್ಯಾನ್ ನಿಲ್ಲಿಸಿದ, ಬಿಡದೆ ಮಾತಾಡುತ್ತಿದ್ದ ಮಾವನ ಭುಜದ ಮೇಲೆ ಮೆಲ್ಲಗೆ ಕೈಯಿಟ್ಟ. ಮನೆಯೆಲ್ಲ ಸುಮ್ಮನಾದ ಮೇಲೆ “ಹೇಳಕ್ಕಾ” ಎಂದ. ಅಕ್ಕ ತನ್ನ ತಟ್ಟೆಯತ್ತ ಬೆರಳು ತೋರಿಸಿದಳು. ಆಮೇಲೆ, “ಯಾವುದಕ್ಕೂ ಉಪ್ಪೇ ಬಿದ್ದಿಲ್ಲ ಕಣೋ” ಎಂದಳು. ಅಡುಗೆ ಮಾಡಿದ್ದ ಅವರಮ್ಮ ಮುಖವರಳಿಸಿ ಅದನ್ನೇ ಇನ್ನೊಮ್ಮೆ ಹೇಳಿಸಿ ಕೇಳಿದರು.