ಜನರಲ್ ಡಬ್ಬಿಯ ಗುಳಿಗೆ

ಮೊನ್ನೆ ಚಿತ್ತಾಪುರದ ಔಷಧದ ಅಂಗಡಿಯಲ್ಲಿ ನನ್ನ ಮುಂದೆ ಎರಡು ಗುಳಿಗೆ ಪಟ್ಟಿಗಳು ಬಿದ್ದವು. ಒಂದು ಮಿರಿಮಿರಿ ಮಿಂಚುತ್ತಿತ್ತು, ಮೇಲೆ ದೊಡ್ಡ ಅಕ್ಷರದ ಹೆಸರು. ಇನ್ನೊಂದು ಸಾದಾ, ಅಗ್ಗದ್ದು. "ಎರಡರಾಗೂ ಅದೇ ಔಷಧ ಅದರಿ ಸರ. ಕಂಪನೀದು ಕೊಡ್ಲ್ಯೋ, ಜನರಿಕ್ ಕೊಡ್ಲ್ಯೋ?" ಎಂದು ಅಂಗಡಿಯಾಕೆ ಕೇಳಿದಳು. ನನಗೂ ಬಿ.ಪಿ., ನನ್ನ ಹೆಂಡತಿಗೂ ಬಿ.ಪಿ.; ಮದುವೆಯಾಗಿ ಇಷ್ಟು ವರ್ಷಕ್ಕೆ ನಾವಿಬ್ಬರೂ ಒಮ್ಮತಕ್ಕೆ ಬಂದ ವಿಷಯ ಇದೊಂದೇ. ಮನೆಯಿಂದ ಹೊರಡುವಾಗ ಅವಳು, "ನಿಮಗ ಕಂಪನೀದೇ ತಗೋರಿ. ನನಗ ಯಾವ್ದಾದ್ರೂ ನಡೀತದ," ಅಂದಿದ್ದಳು. ಆಗ ಆ ಮಾತು ಕಿವಿಗೆ ಬಿದ್ದಿತ್ತು ಅಷ್ಟೆ. ಅಂಗಡಿಯ ಮುಂದೆ ನಿಂತಾಗ ಅದು ನೆನಪಾಯಿತು, ಅದರ ಹಿಂದೆಯೇ ವಾಡಿಯ ಕಾಕಾ ನೆನಪಾದರು.

ಕಾಕಾ ಅಂದರೆ ನನ್ನ ತಂದೆಯ ತಮ್ಮ, ರೈಲಿನಲ್ಲಿ ಟಿ.ಸಿ. ಆಗಿದ್ದವರು. ನೀವು ಎಂದಾದರೂ ಸಾದಾ ಟಿಕೀಟು ಹಿಡಿದು, ಯಾರೂ ನೋಡಲಿಕ್ಕಿಲ್ಲ ಅಂದುಕೊಂಡು ರಿಸರ್ವೇಶನ್ ಡಬ್ಬಿಯಲ್ಲಿ ಕುಳಿತಿದ್ದರೆ, ಕರಿ ಕೋಟಿನವರೊಬ್ಬರು ಬಂದು ಇಳಿಸಿರುತ್ತಾರೆ. ಅವರು ನನ್ನ ಕಾಕಾ ಇದ್ದರೂ ಇರಬಹುದು. ಅವರ ಲೆಕ್ಕದಲ್ಲಿ ಲೋಕದಲ್ಲಿ ಎರಡೇ ಬಗೆಯ ಜನ: ರಿಸರ್ವೇಶನ್‌ನವರು, ಜನರಲ್‌ನವರು. ಸ್ವಂತ ಅಣ್ಣನ ಮಗನೆಂಬ ಮುಲಾಜಿಲ್ಲದೆ ನನ್ನನ್ನೂ ಒಮ್ಮೆ ಶಹಾಬಾದಿನಲ್ಲಿ ಇಳಿಸಿ, "ಮುಂದ ಜನರಲ್ ಡಬ್ಬಿ ಅದ, ಓಡು," ಅಂದಿದ್ದರು. ಓಡಿದೆ. ಒಂದು ಚಪ್ಪಲಿ ಶಹಾಬಾದಿನಲ್ಲೇ ಉಳಿಯಿತು.

ನಿವೃತ್ತರಾದ ಮೇಲೂ ಕಾಕಾ ವಾಡಿ ಬಿಡಲಿಲ್ಲ. ಗಾಡಿಯ ಸಪ್ಪಳ ಕೇಳದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಅವರ ಹೆಂಡತಿ, ನಮ್ಮ ಕಾಕಿ, ಸಿಮೆಂಟ್ ಕಾರ್ಖಾನೆಯ ಧೂಳನ್ನು ಬೈಯುತ್ತ ಕಟ್ಟೆ ಒರೆಸುತ್ತಿದ್ದಳು, ಒರೆಸಿದ ಕೈಯಲ್ಲೇ ನಮಗೆ ಚಹಾ ಕೊಡುತ್ತಿದ್ದಳು. ಇಬ್ಬರಿಗೂ ಬಿ.ಪಿ. ಒಂದು ಸಲ ಶಹಾಬಾದಿನ ಡಾಕ್ಟರು ಇಬ್ಬರಿಗೂ ಜನರಿಕ್ ಗುಳಿಗೆ ಸಾಕು, ಅದೂ ಅದೇ ಔಷಧ ಅಂದರು. ಕಾಕಾಗೆ ಕೇಳಿಸಿದ್ದು 'ಜನರಲ್'.

"ಜಲ್ಮೆಲ್ಲಾ ಜನರಲ್‌ದವರಿಗಿ ಇಳಿಸೀನಿ. ಈಗ ನಾನೇ ಜನರಲ್ ಗುಳಿಗಿ ನುಂಗ್ಲೇನು?"

ನಾನು ಸೇಡಂನಲ್ಲಿ ರಸಾಯನಶಾಸ್ತ್ರ ಕಲಿಸುವವನು, ಸುಮ್ಮನಿರುತ್ತೇನೆಯೇ? ಕಾಗದದ ಮೇಲೆ ಚಿತ್ರ ಬರೆದು, "ಔಷಧ ಒಂದೇ ಅದ ಕಾಕಾ, ಹೆಸರಷ್ಟೇ ಬ್ಯಾರೆ," ಎಂದು ವಿವರಿಸಿದೆ. ನನ್ನ ವಿದ್ಯಾರ್ಥಿಗಳಾದರೂ ಹಿಂದಿನ ಬೆಂಚಿನಲ್ಲಿ ಕುಳಿತು ಆಕಳಿಸುತ್ತಾರೆ. ಕಾಕಾ ಎದುರಿಗೇ ಆಕಳಿಸಿದರು.

ಜಗಳ ಮುಗಿಸಿದವಳು ಕಾಕಿ. ಪಿಂಚಣಿಯಲ್ಲಿ ಇಬ್ಬರಿಗೂ ಕಂಪನಿಯ ಗುಳಿಗೆ ಭಾರವೆಂದು ಅವಳಿಗೆ ಗೊತ್ತಿತ್ತು. "ನೀವು ರಿಜರ್ವೇಶನ್‌ದಾಗ ಕುಂತು ಬರ್ರಿ. ನಾ ಜನರಲ್‌ದಾಗ ಬರ್ತೀನಿ. ಟೇಸನ್ ಬಂದ್ರ ಇಬ್ರೂ ಕೂಡೇ ಇಳಿಯೋಣು," ಅಂದು ಸೆರಗು ಬಾಯಿಗಿಟ್ಟು ನಕ್ಕಳು. ಕಾಕಾನೂ ನಕ್ಕರು. ಅಂದಿನಿಂದ ಆ ಮನೆಯ ಗೋಡೆಯ ಗೂಡಿನಲ್ಲಿ ಎರಡು ಬಗೆಯ ಪಟ್ಟಿಗಳಿರುತ್ತಿದ್ದವು.

ಕೂಡಿ ಇಳಿಯಲಾಗಲಿಲ್ಲ. ಒಂದು ಮಧ್ಯಾಹ್ನ ತೊಗರಿಬೇಳೆ ಆರಿಸುತ್ತ ಕುಳಿತಿದ್ದ ಕಾಕಿ ಮೊರದ ಮೇಲೆಯೇ ಬಾಗಿದಳು. ಮೆದುಳಿನಲ್ಲಿ ರಕ್ತಸ್ರಾವ ಅಂದರು. ರಾವೂರಿನ ನಮ್ಮ ಹೊಲದಲ್ಲಿ ಮಣ್ಣು ಮಾಡಿ ಬಂದೆವು. ಕಾಕಾ ಅಳಲಿಲ್ಲ. ಅವಳ ಅರ್ಧ ಉಳಿದಿದ್ದ ಗುಳಿಗೆ ಪಟ್ಟಿಯನ್ನು ಕೈಯಲ್ಲಿ ಹಿಡಿದು ಕುಳಿತಿದ್ದರು.

"ಅಕಿಗಿ ಜನರಲ್ ಡಬ್ಬಿ ಹತ್ತಿಸಿದಂವ ನಾನೇ, ತಮ್ಮಾ."

ಗುಳಿಗೆಯ ತಪ್ಪಲ್ಲ, ಕಂಪನಿಯದನ್ನು ನುಂಗುವವರಿಗೂ ಹೀಗಾಗುತ್ತದೆ ಎಂದು ಡಾಕ್ಟರು ಹೇಳಿದರು. ನಾನೂ ಹೇಳಿದೆ. ಟಿಕೀಟು ಕಳೆದುಹೋಯಿತು ಎನ್ನುವ ಪ್ರಯಾಣಿಕನ ಮಾತು ಕೇಳುವಾಗ ತಲೆಯಾಡಿಸುತ್ತಿದ್ದರಲ್ಲ, ಹಾಗೆಯೇ ಕಾಕಾ ತಲೆಯಾಡಿಸಿದರು. ಒಂದಕ್ಷರವನ್ನೂ ನಂಬಲಿಲ್ಲ.

ಮುಂದಿನ ಸಲ ಹೋದಾಗ ಗೂಡಿನಲ್ಲಿ ಮಿಂಚುವ ಪಟ್ಟಿ ಇರಲಿಲ್ಲ, ಸಾದಾ ಪಟ್ಟಿಯಷ್ಟೇ ಇತ್ತು. ಕೇಳಿದೆ. "ನಾನೂ ಅದನ್ನೇ ನುಂಗ್ಲಿಕತ್ತೀನಿ. ಅಕಿ ಕುಂತು ಹೋದ ಡಬ್ಬಿನ್ಯಾಗೇ ಕುಂತೀನಿ. ಅಕಿ ಇಳದಲ್ಲೇ ಇಳೀತೀನಿ," ಅಂದರು. ಅವರು ಔಷಧವನ್ನು ಸಾವೆಂದು ತಿಳಿದು ದಿನಾಲೂ ನೀರು ಕುಡಿದು ನುಂಗುತ್ತಿದ್ದರು. ಆ ಭ್ರಮೆ ಬಿಡಿಸಲು ಹೋಗಲಿಲ್ಲ; ಬಿಡಿಸಿದರೆ ಯಾವ ಗುಳಿಗೆಯನ್ನೂ ಮುಟ್ಟಲಿಕ್ಕಿಲ್ಲ ಎಂಬ ಹೆದರಿಕೆ.

ಕೆಲವು ತಿಂಗಳು ಬಿಟ್ಟು ಒತ್ತಾಯ ಮಾಡಿ ಶಹಾಬಾದಿಗೆ ಕರೆದೊಯ್ದೆ. ಡಾಕ್ಟರು ತೋಳಿನ ಪಟ್ಟಿ ಬಿಚ್ಚುತ್ತ, "ಭೇಷ್! ಬಿ.ಪಿ. ಮದಲಿನಕಿಂತಾ ಛಲೋ ಅದರಿ," ಅಂದರು. ರಸಾಯನಶಾಸ್ತ್ರ ಗೆದ್ದಿತೆಂದು ಒಳಗೊಳಗೇ ಹಿಗ್ಗಿದೆ. ಹೊರಗೆ ಬಂದವರೇ ಕಾಕಾ ದವಾಖಾನೆಯ ಕಲ್ಲುಬೆಂಚಿನ ಮೇಲೆ ಕುಸಿದು ಅತ್ತರು. ಕಾಕಿ ಹೋದ ಮೇಲೆ ಅದೇ ಮೊದಲ ಸಲ.

"ಗುಳಿಗಿ ಸುಳ್ಳು ಅಂತ ತಿಳ್ಕೊಂಡಿದ್ದೆ, ತಮ್ಮಾ. ಗುಳಿಗಿ ಖರೇನೇ ಅದ. ಹಂಗಾರ ಅಕಿ ಯಾಕ ಹೋದ್ಳು?"

ಅಲ್ಲಿಯವರೆಗೆ ಬೈಯಲು ಅವರಿಗೊಂದು ಗುಳಿಗೆಯಾದರೂ ಇತ್ತು, ಅದೂ ಹೋಯಿತು.

ವಾಡಿಗೆ ಮರಳುವಾಗ ಅವರು ನೇರವಾಗಿ ಜನರಲ್ ಡಬ್ಬಿಗೆ ಹೋದರು. ಚೀಲ, ಕೂಸು, ಬೆವರು, ಗದ್ದಲ. ಮುದುಕರೆಂದು ಯಾರೋ ಸರಿದು ಜಾಗ ಕೊಟ್ಟರು. ಕಾಕಾ ಸುತ್ತಲೂ ನೋಡಿ, ನನ್ನ ಕೈ ಹಿಡಿದು ಹೇಳಿದರು: "ಗುಳಿಗಿ ಮಾತು ಬಿಡು. ಅಕಿ ಒಬ್ಬಾಕಿಗೇ ಇದರಾಗ ಕೂಡಿಸಬಾರದಿತ್ತು. ಇಬ್ರೂ ಕೂಡಿ ಕುಂದರಬೇಕಿತ್ತು."

ಆ ಸಾದಾ ಗುಳಿಗೆಯ ಮೇಲೆ ಕಾಕಾ ಇನ್ನೂ ಬಹಳ ವರ್ಷ ಬದುಕಿದರು. ಅವರಿಗೇನೂ ಆ ಆಯುಷ್ಯ ಬೇಕಾಗಿರಲಿಲ್ಲ.

"ಸರ, ಯಾವ್ದು ಕೊಡ್ಲಿ?" ಅಂಗಡಿಯಾಕೆ ಮತ್ತೆ ಕೇಳಿದಳು.

"ಜನರಲ್ ಕೊಡ್ರಿ," ಅಂದುಬಿಟ್ಟೆ. ಆಕೆ ನಕ್ಕಳು. "ನಿಮಗೋ, ಮನಿಯವರಿಗೋ?"

"ಇಬ್ರಿಗೂ ಅದೇ ಕೊಡ್ರಿ," ಅಂದೆ. "ಒಂದೇ ಪಾಕೀಟಿನ್ಯಾಗ ಹಾಕ್ರಿ."