ಮಧ್ಯಮದ ರೀಡು

ಮೊನ್ನೆ ಗಾಂಧಿ ಬಜಾರಿನಲ್ಲಿ ಅಂಗಡಿಯವನೊಬ್ಬ ಗಾಜಿನ ಸಾಮಾನಿನ ಪೆಟ್ಟಿಗೆ ಬಿಚ್ಚುತ್ತಿದ್ದ. ಒಳಗಿನ ಒಣಹುಲ್ಲಿನ ವಾಸನೆ ಮೂಗಿಗೆ ಬಡಿದದ್ದೇ ತಡ, ತರಕಾರಿ ಚೀಲ ಹಿಡಿದು ಅಲ್ಲೇ ನಿಂತುಬಿಟ್ಟೆ. ಅದು ನಮ್ಮಪ್ಪನ ಅಂಗಡಿಯ ವಾಸನೆ. ಆ ಅಂಗಡಿ ಈಗಿಲ್ಲ. ದುರ್ಗಿಗುಡಿಯಲ್ಲಿ ನಮ್ಮ ಮನೆಯಿದ್ದ ಜಾಗದಲ್ಲಿ ಲಾಡ್ಜು ಎದ್ದಿದೆ. ನಿಮಗೂ ಹೀಗಾಗಿರಬಹುದು: ನೆನಪು ಸರಿಯೋ ತಪ್ಪೋ ಎಂದು ಕೇಳಲು ಒಬ್ಬರೂ ಉಳಿಯದಿದ್ದಾಗಲೇ ಒಂಟಿತನ ಅಂದರೇನೆಂದು ತಿಳಿಯುವುದು. ಅಪ್ಪ ಮಾರುತ್ತಿದ್ದುದೆಲ್ಲ ಸೀಮೆಯಿಂದ ಹಡಗಿನಲ್ಲಿ ಬಂದ ಸಾಮಾನು. ಲಾಟೀನಿನ ಗಾಜು, ಹೊಲಿಗೆ ಸೂಜಿ, ಕಬ್ಬಿಣ ಉಜ್ಜುವ ಅರ, ಹಾರ್ಮೋನಿಯಂ ಒಳಗಿನ ರೀಡು. ಮುಂಬಯಿಯಿಂದ ಪೆಟ್ಟಿಗೆ ಬಂದ ದಿನ ಹುಲ್ಲಿನೊಳಗೆ ಕೈ ಹಾಕಿ ಮೊದಲ ಸಾಮಾನು ತೆಗೆಯುವ ಹಕ್ಕು ನನ್ನದು. ಊರಿನಲ್ಲಿ ತಯಾರಾದದ್ದೆಂದರೆ ನನಗೆ ಅಷ್ಟಕ್ಕಷ್ಟೇ. ಒಂಬತ್ತು ವರ್ಷದ ಹುಡುಗಿಗೆ ಇರಬಹುದಾದ ಜಂಬಕ್ಕಿಂತ ಒಂದು ಹಿಡಿ ಹೆಚ್ಚೇ ಇತ್ತು.

ಅಪ್ಪನ ತಂಗಿ ಗಂಗತ್ತೆ ನಮ್ಮ ಮನೆಯಲ್ಲೇ ಇದ್ದಳು. ಮದುವೆಯಾದ ಎರಡನೇ ವರ್ಷಕ್ಕೇ ಮಾವ ಪ್ಲೇಗಿನಲ್ಲಿ ತೀರಿಕೊಂಡಿದ್ದರು. ಹೊತ್ತು ಹೋಗಲೆಂದು ಅಪ್ಪ ಅವಳಿಗೊಂದು ಹಾರ್ಮೋನಿಯಂ ತಂದುಕೊಟ್ಟಿದ್ದರು. ಸಂಜೆ ನಡುಮನೆಯಲ್ಲಿ ಕೂತು ಬಾರಿಸುತ್ತಿದ್ದಳು. ಮನೆಯಲ್ಲಿ ಅವಳ ದನಿ ಅಂತ ಕೇಳುತ್ತಿದ್ದುದು ಅದೊಂದೇ. ಮಹಾಯುದ್ಧ ಶುರುವಾಗಿ ಹಡಗುಗಳು ನಿಂತ ಮೇಲೆ ಒಂದು ದಿನ ಅದರ ಮಧ್ಯಮ ಸ್ವರ ಮೂಕವಾಯಿತು. ಆ ಸ್ವರದ ರೀಡು, ಬೆರಳುದ್ದದ ಹಿತ್ತಾಳೆ ನಾಲಗೆ, ಬಿರುಕು ಬಿಟ್ಟಿತ್ತು. ಬೇರೆಯದು ಬರಬೇಕಾದದ್ದು ಪ್ಯಾರಿಸಿನಿಂದ. "ಅಣ್ಣಾ, ಪೆಟ್ಟಿಗೆ ಬಂತಾ?" ಎಂದು ಅತ್ತೆ ವಾರವಾರವೂ ಕೇಳುವಳು. "ಹಡಗೇ ಇಲ್ಲ ಮಾರಾಯ್ತಿ, ಪೆಟ್ಟಿಗೆ ಎಲ್ಲಿಂದ ಬರ್ಬೇಕು?" ಅನ್ನುವರು ಅಪ್ಪ.

ಆಗ ಅರ ಹುಡುಕಿಕೊಂಡು ಅಂಗಡಿಗೆ ಬಂದವರು ಆರ್ಮುಗಂ, ಭದ್ರಾವತಿಯ ಕಾರ್ಖಾನೆಯಲ್ಲಿ ಫಿಟ್ಟರ್. ಅವರಿಗೆ ಅರ ಸಿಗಲಿಲ್ಲ, ಬದಲಿಗೆ ಅಪ್ಪನ ಗೋಳು ಸಿಕ್ಕಿತು. "ಹಿತ್ತಾಳೆ ತಾನೆ ಸಾರ್? ನಾನೇ ಮಾಡಿ ತರ್ತೀನಿ" ಅಂದರಂತೆ. ಮುಂದಿನ ಭಾನುವಾರ ಬೆಳಗಿನ ರೈಲಿಗೆ ಬಂದು ನಮ್ಮ ಜಗಲಿಯ ಮೇಲೆ ಕೂತರು. ಗಂಡ ಸತ್ತವಳು ಹೊರಗಿನ ಗಂಡಸಿನೆದುರು ಕೂರುವಂತಿರಲಿಲ್ಲ, ಹಾಗಾಗಿ ಅತ್ತೆ ಕಿಟಕಿಯ ಒಳಗೆ. ರೀಡಿನ ತುದಿ ಉಜ್ಜಿದರೆ ಸ್ವರ ಏರುತ್ತದೆ, ಬುಡ ಉಜ್ಜಿದರೆ ಇಳಿಯುತ್ತದೆ. ಅವರು ತಮ್ಮ ಸವೆದ ಅರದಲ್ಲೇ ಉಜ್ಜಿ ಕಿಟಕಿಯಲ್ಲಿ ಇಡುವರು, ಅತ್ತೆ ತೆಗೆದು ಹಾರ್ಮೋನಿಯಂ ಒಳಗೆ ಕೂರಿಸಿ ಒತ್ತಿ ನೋಡುವಳು. "ಇನ್ನೊಂದು ಚೂರು ಮೇಲೆ." "ಮೇಲೇನಾ ಅಮ್ಮಾ?" "ಹೂಂ, ಒಂದೇ ಚೂರು." ಇಡೀ ಬೆಳಗಿಗೆ ಇಷ್ಟೇ ಮಾತು. ಕೊನೆಗೆ ಅತ್ತೆ ಒಂದು ಪದ ಬಾರಿಸುವಳು. ಅವರು ಅರವನ್ನು ತೊಡೆಯ ಮೇಲಿಟ್ಟು, ಕಣ್ಣು ಮುಚ್ಚಿ ಕೇಳುವರು. ತಿಂಗಳೊಪ್ಪತ್ತಿಗೆ ಸ್ವರ ಮತ್ತೆ ಕೆಟ್ಟಿತು ಅನ್ನುವಳು ಅತ್ತೆ. ಅಪ್ಪ ಭದ್ರಾವತಿಗೆ ಕಾಗದ ಹಾಕುವರು, ಅವರು ಇನ್ನೊಂದು ಮಾಡಿ ತರುವರು. ಹೀಗೇ ಎರಡು ವರ್ಷ. ನನ್ನ ಕಿವಿಗೆ ಎಷ್ಟೋ ಸಲ ಸ್ವರ ಸರಿಯಾಗಿಯೇ ಕೇಳುತ್ತಿತ್ತು. ಆದರೂ, ಇಲ್ಲಿ ಮಾಡಿದ್ದರ ಹಣೆಬರಹ ಇಷ್ಟೇ ಅಂದುಕೊಂಡೆ. ಅತ್ತೆ ಸೀಮೆ ಪೆಟ್ಟಿಗೆಯ ವಿಷಯ ಕೇಳುವುದನ್ನೇ ಬಿಟ್ಟಿದ್ದಳು. ಅದನ್ನು ಮನೆಯಲ್ಲಿ ಯಾರೂ ಗಮನಿಸಲಿಲ್ಲ.

ಯುದ್ಧ ಮುಗಿಯಿತು, ಹಡಗು ಬಂದವು, ಮುಂಬಯಿಯ ಪೆಟ್ಟಿಗೆಯೂ ಬಂತು. ರೀಡಿನ ಪೊಟ್ಟಣ ಹೊರತೆಗೆದವಳು ನಾನೇ. ಅಪ್ಪ ಅಂದೇ ಕೂರಿಸಿದರು. ಎಂಥಾ ಸ್ವರ, ಮನೆಯೆಲ್ಲ ತುಂಬಿಕೊಂಡಿತು! "ಏನಂತೀಯ ಗಂಗಾ?" ಎಂದರು ಅಪ್ಪ. "ಚೆನ್ನಾಗಿದೆ ಅಣ್ಣಾ" ಅಂದಳು. ಪದ ಮಾತ್ರ ಬಾರಿಸಲಿಲ್ಲ.

ಭದ್ರಾವತಿಗೆ ತಿಳಿಸುವುದು ಅಪ್ಪನಿಗೆ ಮರೆತೇಹೋಗಿತ್ತು. ಮೊದಲೇ ಹಾಕಿದ್ದ ಕಾಗದ ನೋಡಿ ಭಾನುವಾರ ಆರ್ಮುಗಂ ಹೊಸ ರೀಡನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದರು. ಜಗಲಿಯಲ್ಲಿ ನಾನೊಬ್ಬಳೇ ಇದ್ದೆ.

"ಪ್ಯಾರಿಸಿಂದ ಬಂತು. ನಿಮ್ದು ಇನ್ನು ಬೇಡ" ಅಂದೆ.

ಅವರು ಕಿಟಕಿಯ ಕಡೆ ನೋಡಿದರು. "ಅಮ್ಮ ಹೇಳಿದ್ರಾ?"

"ಹೂಂ" ಅಂದೆ. ಅತ್ತೆ ಅಂಥದ್ದೇನೂ ಹೇಳಿರಲಿಲ್ಲ. ಅವರು ಕರವಸ್ತ್ರವನ್ನು ಜೇಬಿಗೆ ಹಾಕಿಕೊಂಡು, "ಸಂತೋಷಮ್ಮಾ" ಎಂದು ಹೊರಟುಹೋದರು.

ಸ್ವಲ್ಪ ಹೊತ್ತಿಗೆ ಅತ್ತೆ ಬಾಗಿಲಿಗೆ ಬಂದಳು. ಹಿಂದೆಂದೂ ಬಾಗಿಲು ದಾಟದವಳು ಆ ದಿನ ಜಗಲಿಗೇ ಬಂದಳು, ಕೈಯಲ್ಲಿ ಕಾಫಿಯ ಲೋಟ. "ಅವರ ದನಿ ಕೇಳ್ತಲ್ಲೇ. ಎಲ್ಲಿ?"

"ಇನ್ನು ಬೇಡ ಅಂದೆ. ಹೋದ್ರು."

ಅತ್ತೆ ಬೀದಿಯುದ್ದಕ್ಕೂ ನೋಡಿದಳು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಆ ಸುಳ್ಳನ್ನೂ ಬಾಯಿಬಿಡುತ್ತಿದ್ದೆನೇನೋ. ಅವಳು ಸಾಯುವವರೆಗೂ ನಾನದನ್ನು ಹೇಳಲಿಲ್ಲ. ನಮ್ಮ ಮನೆಯಲ್ಲಿ ಮಕ್ಕಳಿಗೆ ಕಾಫಿ ಕೊಡುವ ಪದ್ಧತಿಯಿರಲಿಲ್ಲ. "ತಗೋ, ನೀನೇ ಕುಡಿ" ಎಂದು ಲೋಟವನ್ನು ನನ್ನ ಕೈಗಿಟ್ಟು ಒಳಗೆ ಹೋದಳು. ನಾನು ಜಗಲಿಯಿಂದ ಕಾಲು ಇಳಿಬಿಟ್ಟುಕೊಂಡು, ಖುಷಿಯಿಂದ, ಒಂದು ಹನಿಯೂ ಉಳಿಸದೆ ಕುಡಿದೆ.