ಯಂಕಪ್ಪ ಸತ್ತದ್ದು ಎಲ್ಲಿ

ನನ್ನ ಗಂಡ ಯಂಕಪ್ಪ ಬಾಂಬೆ ಕಡೆಯ ದಿವಾದಲ್ಲಿ ಸತ್ತ. ನಮ್ಮ ಖೋಲಿಯಲ್ಲಿ, ಬೆಳಗಿನ ಐದೂವರೆಗೆ, ನನ್ನ ಮತ್ತು ಮಗಳು ಮಲ್ಲಿಕಾಳ ಕಣ್ಣೆದುರು. ಇದನ್ನು ಮೊದಲೇ ಬರೆದುಬಿಡುತ್ತೇನೆ. ಸರಕಾರದ ಕಾಗದದಲ್ಲಿ ಬೇರೆ ಇದೆ.

ಅವನು ಸಿಂದಗಿ ಕಡೆಯ ಹಳ್ಳಿಯವನು. ಹತ್ತೊಂಬತ್ತನೇ ವಯಸ್ಸಿಗೆ ಠಾಣೆಗೆ ಬಂದು, ಕೂಲಿಯವರನ್ನು ಆರಿಸಿ ಒಯ್ಯುವ ನಾಕಾದಲ್ಲಿ ನಿಂತ. ಐರೋಲಿ, ಖಾರ್ಘರ್, ಡೊಂಬಿವಲಿ, ಎಲ್ಲಿ ಕಟ್ಟಡ ಏಳುತ್ತದೋ ಅಲ್ಲಿ ಸ್ಲ್ಯಾಬ್ ಹಾಕುವ ದಿನ ಅವನು ಬೇಕು. ಬುಟ್ಟಿ ದಾಟಿಸುವ ಸಾಲಿನಲ್ಲಿ ನಿಂತರೆ ಕೆಲಸ ಮುಗಿಯುವ ತನಕ ಕೂರುವವನಲ್ಲ. ಲೋಕಲ್‌ನಲ್ಲಿ ಹೋಗುವಾಗ ಬೊಟ್ಟು ಮಾಡಿ ತೋರಿಸುತ್ತಿದ್ದ.

"ಆ ಬಿಲ್ಡಿಂಗ್ ನೋಡು. ಏಳನೇ ಮಾಳಿಗಿ ನಂದು."

"ನಿಂದಾದ್ರ ಒಂದು ಖೋಲಿ ಕೇಳಿ ಇಸ್ಕೋ."

"ಲಿಫ್ಟಿನ್ಯಾಗ ಹತ್ತಾಕ ಬಿಡೂದಿಲ್ಲ ಹುಚ್ಚಿ, ಖೋಲಿ ಎಲ್ಲಿ ಕೊಡ್ತಾರ."

ಶನಿವಾರ ಕುಡಿಯುತ್ತಿದ್ದ. ಎರಡು ಸಲ ನನಗೆ ಹೊಡೆದಿದ್ದಾನೆ. ಮೂರನೇ ಸಲ ನಾನೂ ಹೊಡೆದೆ, ಆಮೇಲೆ ಕೈ ಎತ್ತಲಿಲ್ಲ. ಸತ್ತವನು ಎಂಬ ಕಾರಣಕ್ಕೆ ಸುಳ್ಳು ಬರೆಯುವುದಿಲ್ಲ. ಮಗಳ ಫೀಸು ಮಾತ್ರ ಒಂದು ಸಲವೂ ತಪ್ಪಿಸಲಿಲ್ಲ. ಊರಿನಲ್ಲಿದ್ದ ಅಣ್ಣ ಶಂಕ್ರೆಪ್ಪನ ಜೊತೆ ಎಂಟು ವರ್ಷ ಮಾತು ಬಿಟ್ಟಿದ್ದ. "ನೀ ಬಾಂಬೆದಂವ ಆದಿ, ನಿನಗ್ಯಾಕ ಇಲ್ಲಿ ರೇಶನ್" ಎಂದು ಆ ಅಣ್ಣ ಇವನ ಹೆಸರು ಊರಿನ ಕಾರ್ಡಿನಿಂದ ತೆಗೆಸಿದ್ದ. ಅಂದಿನಿಂದ ಯಂಕಪ್ಪ ಅಣ್ಣನ ಮನೆಯ ಹೊಸ್ತಿಲು ತುಳಿಯಲಿಲ್ಲ.

ಅವನಿಗೆ ನಲವತ್ನಾಲ್ಕು ವರ್ಷ. ಆ ದಿನ ನಸುಕಿಗೇ ಎದೆ ಹಿಡಿದುಕೊಂಡ. ಗ್ಯಾಸ್ ಎಂದು ಗುಳಿಗೆ ನುಂಗಿದ. ಫ್ಯಾನ್ ಜೋರು ಮಾಡು ಎಂದ. ಅದು ಜೋರಾಗಿಯೇ ಇತ್ತು. ಆಮೇಲೆ ಏನೂ ಅನ್ನಲಿಲ್ಲ.

ಮೂಲೆಯ ಡಾಕ್ಟರ ಮನೆ ಬಾಗಿಲು ಬಡಿದು ಕರೆತಂದೆ. ಕೈ ಹಿಡಿದು ನೋಡಿ, ಸರಕಾರಿ ದವಾಖಾನೆಗೆ ಒಯ್ಯಿರಿ, ಅಲ್ಲಿ ಪೋಸ್ಟ್‌ಮಾರ್ಟಂ ಮಾಡಿ ಕಾಗದ ಕೊಡುತ್ತಾರೆ ಎಂದು ಹೊರಟುಹೋದ. ಕೊಯ್ಯುತ್ತಾರೆ ಎಂದು ನಾನು ಹೆದರಿದೆ. ಎಂಟು ವರ್ಷ ಮಾತಿಲ್ಲದಿದ್ದರೂ ಶಂಕ್ರೆಪ್ಪನಿಗೇ ಫೋನ್ ಮಾಡಿದೆ. ಬೇರೆ ಯಾರಿದ್ದರು?

"ಕೊಯ್ಯಾಕೂ ಬಿಡಬ್ಯಾಡ, ಸುಡಾಕೂ ಬಿಡಬ್ಯಾಡ. ಅಪ್ಪನ ಮಗ್ಗಲಾಗ ಹೂಳೂದು. ಹೊತ್ತು ಮುಳುಗೂದ್ರಾಗ ತಗೊಂಡು ಬಾ" ಎಂದ.

ನಮ್ಮಲ್ಲಿ ಸುಡುವುದಿಲ್ಲ. ಇಲ್ಲಿಂದ ಎಷ್ಟೋ ಜನರನ್ನು ಹೀಗೆಯೇ ಊರಿಗೆ ಒಯ್ದಿದ್ದಾರೆ. ಡಾಕ್ಟರನ ಕಂಪೌಂಡರ್ ಆಂಬುಲೆನ್ಸಿನವನ ನಂಬರ್ ಕೊಟ್ಟ. ಓಣಿಗೆ ಗೊತ್ತಾದರೆ ಪೊಲೀಸರು ಬರುತ್ತಾರೆ, ಬಾಯಿ ಬಿಡಬೇಡ ಎಂದ. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ. ಮಲ್ಲಿಕಾ ದಿಂಬು ಕಚ್ಚಿಕೊಂಡಳು.

ಡ್ರೈವರ್ ಬಂದವನೇ, "ಬಾಡಿ ಬೋಲೇಗಾ ತೋ ಪೇಪರ್ ಮಾಂಗೇಗಾ. ಪೇಶಂಟ್ ಬೋಲ್" ಎಂದ. ಹೆಣ ಎಂದರೆ ಕಾಗದ ಕೇಳುತ್ತಾರೆ, ಪೇಶಂಟ್ ಎನ್ನು, ಎಂದು. ಹೆಣದ ಕೈಗೆ ಸಲೈನಿನ ನಳಿಗೆಯನ್ನು ಪಟ್ಟಿ ಹಾಕಿ ಅಂಟಿಸಿದ. ಗಲ್ಲದ ತನಕ ಚಾದರ ಹೊದಿಸಿದ. ಬಾಟಲಿ ನನ್ನ ಕೈಗೆ ಕೊಟ್ಟು, "ಊಪರ್ ಪಕಡ್. ರೋನಾ ಮತ್" ಎಂದ. ಮೇಲೆ ಹಿಡಿ, ಅಳಬೇಡ, ಎಂದು. ನಾನು ಬಾಟಲಿ ಎತ್ತಿ ಹಿಡಿದು ಓಣಿಯಲ್ಲಿ ನಡೆದೆ. ಎಂಟು ಗಂಟೆ, ನಳದ ನೀರು ಬಿಡುವ ಹೊತ್ತು, ಎಲ್ಲರೂ ಹೊರಗಿದ್ದರು. ಪಕ್ಕದ ಖೋಲಿಯ ಬಿಹಾರದ ಹೆಂಗಸು ಅವನ ಕಾಲು ಮುಟ್ಟಿ, "ಠೀಕ್ ಹೋಕೆ ಆನಾ ಭಯ್ಯಾ" ಎಂದಳು, ಹುಷಾರಾಗಿ ಬಾ ಅಣ್ಣಾ ಎಂದು. ನಾನು ತಲೆಯಾಡಿಸಿದೆ. ಸೊಲ್ಲಾಪುರ ದಾಟಿದ ಮೇಲೆ ಅತ್ತೆ.

ಊರಿನಲ್ಲಿ ಆಂಬುಲೆನ್ಸ್ ನೇರ ಶಂಕ್ರೆಪ್ಪನ ಅಂಗಳಕ್ಕೆ ಹೋಯಿತು. ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಿದರು. ಎಲ್ಲವನ್ನೂ ಶಂಕ್ರೆಪ್ಪನೇ ಮಾಡಿದ. ಇಲ್ಲ ಎನ್ನುವುದಿಲ್ಲ.

ವಾಪಸು ಬಂದು ಕೆಲಸಕ್ಕೆ ಹೋದೆ. ವರ್ತಕ ನಗರದಲ್ಲಿ ಮೂರು ಮನೆಯ ಪಾತ್ರೆ, ಬಟ್ಟೆ. ಅದರಲ್ಲಿ ಒಂದು ಉಡುಪಿಯ ಸುಗುಣಾ ಅಕ್ಕನ ಮನೆ. ಅವರ ಗಂಡ ಹೋಟೆಲ್ ನಡೆಸುತ್ತಾರೆ.

"ಮರಗಮ್ಮ, ನಿರಾಧಾರ ಯೋಜನೆ ಅಂತ ಉಂಟು, ಗೊತ್ತುಂಟಾ ನಿಂಗೆ?" ಎಂದರು. "ಗಂಡ ಹೋದವರಿಗೆ ತಿಂಗಳಿಗೆ ಸಾವಿರದ ಐನೂರು. ನಮ್ಮ ಹೋಟ್ಲಲ್ಲಿ ಪಾತ್ರೆ ತೊಳೆಯುವವಳಿಗೆ ಬರ್ತದೆ."

"ನಮ್ಮಂಥಾರಿಗಿ ಎಲ್ಲಿ ಕೊಡ್ತಾರ ಅಕ್ಕಾರ."

"ನಿಮ್ಮಂಥವರಿಗೇ ಮಾರಾಯ್ತಿ. ನಂಗೆ ಕೊಡ್ತಾರಾ ಮತ್ತೆ?"

ಅಷ್ಟು ಬಂದರೆ ಮಲ್ಲಿಕಾಳ ಕಾಲೇಜು ನಡೆಯುತ್ತಿತ್ತು. ಬರದಿದ್ದರೆ ಅವಳೂ ಮನೆಗೆಲಸಕ್ಕೆ. ಹನ್ನೊಂದನೇ ಇಯತ್ತೆಯಲ್ಲಿದ್ದಳು. ಬೇರೆ ದಾರಿ ನನಗೆ ಕಾಣಲಿಲ್ಲ.

ತಹಸೀಲ್ ಆಫೀಸಿಗೆ ಹೋದೆ. ರೇಶನ್ ಕಾರ್ಡು, ಆಧಾರ್, ಆದಾಯದ ದಾಖಲೆ, ಹದಿನೈದು ವರ್ಷದಿಂದ ಇಲ್ಲೇ ಇದ್ದೇನೆ ಎನ್ನುವ ದಾಖಲೆ. ಇಷ್ಟು ಕೂಡಿಸಲು ಐದು ತಿಂಗಳು. ರಜೆ ಹೆಚ್ಚಾಯಿತೆಂದು ಒಂದು ಮನೆಯವರು ಕೆಲಸ ಬಿಡಿಸಿದರು. ಗಂಡನ ಹೆಸರು ಹೇಳಬಾರದು ಎಂದು ನನ್ನ ತಾಯಿ ಕಲಿಸಿದ್ದಳು. ಇಪ್ಪತ್ತೊಂದು ವರ್ಷದ ಸಂಸಾರದಲ್ಲಿ ಹೇಳದಷ್ಟು ಸಲ ಆ ಕಿಟಕಿಗಳ ಮುಂದೆ ಹೇಳಿದೆ. ಕೊನೆಗೆ ಒಂದೇ ಕಾಗದ ಉಳಿಯಿತು, ಅವನು ಸತ್ತ ಕಾಗದ.

ಮುನ್ಸಿಪಾಲ್ಟಿಯ ಕಾರಕೂನ ಎಲ್ಲಿ ಸತ್ತ ಎಂದು ಕೇಳಿದ. ದಿವಾದಲ್ಲಿ ಎಂದೆ. ಸ್ಮಶಾನದ ಪಾವತಿ ಚೀಟಿ? ಇಲ್ಲ. ಡಾಕ್ಟರ ಫಾರ್ಮ್? ಇಲ್ಲ. ಪೆನ್ನು ಕೆಳಗಿಟ್ಟು ಮರಾಠಿಯಲ್ಲಿ, "ಬಾಯಿ, ಸರಕಾರಚ್ಯಾ ಹಿಶೋಬಾನೆ ತುಮಚಾ ನವರಾ ಜಿವಂತ ಆಹೆ" ಎಂದ. ಸರಕಾರದ ಲೆಕ್ಕದಲ್ಲಿ ನಿನ್ನ ಗಂಡ ಬದುಕಿದ್ದಾನೆ, ಎಂದು. ಪಕ್ಕದವನು ನಕ್ಕ.

"ಹಾಗಿದ್ದರೆ ಅವನನ್ನು ಮನೆಗೆ ಕಳಿಸಿಕೊಡಿ, ಬಾಡಿಗೆ ಕಟ್ಟುವುದಿದೆ" ಎಂದು ನಾನೂ ಮರಾಠಿಯಲ್ಲೇ ಅಂದೆ. ನಗು ನಿಂತಿತು. ಅವನು ಕೆಟ್ಟವನಲ್ಲ. ಡಾಕ್ಟರ ಕಾಗದ ತಾ, ಇಲ್ಲವೇ ಅಲ್ಲೇ ಸತ್ತದ್ದನ್ನು ನೋಡಿದ ಇಬ್ಬರು ನೆರೆಯವರನ್ನು ಕರೆದು ತಾ, ನೋಡೋಣ ಎಂದ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ತನಕ ಹೋಗಬೇಕಾಗುತ್ತದೆ ಎಂದೂ ಹೇಳಿದ.

ಡಾಕ್ಟರ್, ನಾನು ನೋಡಲೇ ಇಲ್ಲ ಎಂದ. ಆಂಬುಲೆನ್ಸಿನವನು ಫೋನ್ ಎತ್ತಲಿಲ್ಲ. ಬಿಹಾರದ ಹೆಂಗಸನ್ನು ಕೇಳಿದೆ. ಅವಳು ಅತ್ತಳು.

"ದೀದಿ, ಮೈನೇ ತೋ ಭಯ್ಯಾ ಕೋ ಜಿಂದಾ ಜಾತೆ ದೇಖಾ. ಪಾಂವ್ ಗರಮ್ ಥಾ." ಬದುಕಿದ್ದವನು ಹೋದದ್ದನ್ನು ನೋಡಿದೆ, ಕಾಲು ಬೆಚ್ಚಗಿತ್ತು, ಎನ್ನುತ್ತಾಳೆ. ಓಣಿಯವರೆಲ್ಲ ಅದನ್ನೇ ಹೇಳಿದರು. ಸುಳ್ಳು ಹೇಳುವವರಲ್ಲ. ನಾನೇ ಅಷ್ಟು ಚೆನ್ನಾಗಿ ಬಾಟಲಿ ಹಿಡಿದಿದ್ದೆ.

ಹನ್ನೊಂದನೇ ತಿಂಗಳಿಗೆ ಊರಿಗೆ ಹೋದೆ. ಊರಿನ ಲೆಕ್ಕಪತ್ರ ನೋಡುವ ತಲಾಟಿ ಸೀದಾ ಹೇಳಿದ. ಇಲ್ಲಿ ಸತ್ತಿದ್ದರೆ ಇಲ್ಲಿ ಬರೆಯಬಹುದು, ಮನೆಯ ಯಜಮಾನ ಅಫಿಡವಿಟ್ ಮಾಡಿಕೊಡಲಿ. ಅಲ್ಲಿ ಸತ್ತಿದ್ದರೆ ನನಗೆ ಸಂಬಂಧವಿಲ್ಲ.

ಶಂಕ್ರೆಪ್ಪ ಕಟ್ಟೆಯ ಮೇಲೆ ಕೂತು ತಂಬಾಕು ತಿಕ್ಕುತ್ತಿದ್ದ.

"ನನ್ನ ಮನ್ಯಾಗ ಸತ್ತ ಅಂತ ಬರಸಲೇನು? ಎಂಟು ವರ್ಷ ಈ ಕಡಿ ಮುಖಾ ಹಾಕಲಾರದಂವ."

"ಬರಸ್ರಿ ಭಾವಾರ."

"ನಾಳೆ ಯಾರರೆ ತಕರಾರ ಮಾಡಿದ್ರ ಜೈಲಿಗಿ ಹೋಗಾಂವ ನಾನು. ನೀ ಪಗಾರ ತಿನ್ಕೋಂತ ದಿವಾದಾಗ ಇರ್ತಿ."

"ಯಾರು ಮಾಡ್ತಾರ?"

"ಊರಂದ್ರ ಊರು. ಕೇಳಿದವರಿಗೆಲ್ಲ ನೀನೂ ಅದನ್ನ ಹೇಳಬೇಕು. ಜೀವ ಇತ್ತು, ನನ್ನ ಅಂಗಳದಾಗ ಬಿಟ್ಟ. ನಿನ್ನ ಮಗಳಿಗೂ ಹೇಳು. ಒಂದ ಮಾತು ಆ ಕಡಿ ಈ ಕಡಿ ಆಗಬಾರದು."

"ಆಗೂದಿಲ್ಲ."

ಅವನು ಮಾಡಿಕೊಟ್ಟ. ಸಿಂದಗಿಗೆ ಎರಡು ಸಲ ನನ್ನ ಜೊತೆ ಬಂದ, ಚಹಾದ ರೊಕ್ಕವನ್ನೂ ನನ್ನಿಂದ ಮುಟ್ಟಲಿಲ್ಲ. ಕಾಗದ ಬಂತು. ಮರಣದ ಸ್ಥಳ: ಅಣ್ಣನ ಮನೆ. ತಿಳಿಸಿದವರು: ಅಣ್ಣ. ಹೆಂಡತಿ ಎಂದು ನನ್ನ ಹೆಸರು ಒಂದು ಸಾಲಿನಲ್ಲಿದೆ.

ಠಾಣೆಯಲ್ಲಿ ಆ ಕಾಗದ ನೋಡಿ ಯಾರೂ ಏನೂ ಕೇಳಲಿಲ್ಲ. ಅರ್ಧ ವರ್ಷದ ನಂತರ ಪಿಂಚಣಿ ಶುರುವಾಯಿತು. ಕೆಲವು ತಿಂಗಳು ಬರುವುದಿಲ್ಲ, ಕೆಲವು ತಿಂಗಳು ಎರಡು ಕೂಡಿ ಬರುತ್ತದೆ. ವರ್ಷಕ್ಕೊಮ್ಮೆ ನಾನು ಬದುಕಿದ್ದೇನೆ, ಬೇರೆ ಮದುವೆಯಾಗಿಲ್ಲ ಎಂದು ಬರೆದುಕೊಡಬೇಕು. ಮಲ್ಲಿಕಾ ಹನ್ನೆರಡನೇ ಇಯತ್ತೆ ಪಾಸಾದಳು. ಸುಗುಣಾ ಅಕ್ಕ ಅವಳಿಗೆ ಚೂಡಿದಾರ ಕೊಡಿಸಿದರು.

ಆ ಸಲ ಮಾನವಮಿ ಅಮಾವಾಸ್ಯೆಗೆ ಶಂಕ್ರೆಪ್ಪ ಹಿರಿಯರ ಎಡೆಗೆ ಕರೆದ. ಹೋಗದಿರುವಂತಿರಲಿಲ್ಲ. ಯಂಕಪ್ಪನ ಹೆಸರಿನಲ್ಲಿ ಹೊಸ ಧೋತರ ಇಟ್ಟಿದ್ದ. ಬದುಕಿದ್ದಾಗ ಅವನು ಧೋತರ ಉಟ್ಟವನಲ್ಲ. ಮನೆ ತುಂಬ ಜನ. ಶಂಕ್ರೆಪ್ಪ ಹೇಳುತ್ತಿದ್ದ.

"ಗಾಡಿಯಿಂದ ಇಳಿಸಿದಾಗ ಕಣ್ಣು ತೆರೆದ. ಅಣ್ಣಾ ಅಂದ. ನನ್ನ ತೊಡಿ ಮ್ಯಾಲ ತಲಿ ಇಟ್ಟ. ಎಂಟು ವರ್ಷದ ಸಿಟ್ಟು ಅಲ್ಲೇ ಇಳೀತು ನೋಡ್ರಿ."

ಹೇಳುತ್ತ ಹೇಳುತ್ತ ತನ್ನ ತೊಡೆಯ ಮೇಲೆ ಅಂಗೈ ಸವರಿದ, ತಲೆ ಇನ್ನೂ ಅಲ್ಲೇ ಇದೆ ಎನ್ನುವ ಹಾಗೆ. ಅದು ನಾಟಕವಲ್ಲ. ಎಷ್ಟು ಸಲ ಹೇಳಿದ್ದಾನೋ, ಈಗ ಅವನಿಗೆ ಅದು ನಡೆದದ್ದೇ.

ಒಬ್ಬ ಮುದುಕಿ ನನ್ನ ಕಡೆ ತಿರುಗಿದಳು.

"ಅಲ್ಲಿಂದ ಇಲ್ಲೀತನಕ ಜೀವ ಹಿಡ್ಕೊಂಡು ಬಂದಾನಲ್ಲವ್ವಾ, ಅಣ್ಣನ್ನ ನೋಡಬೇಕಂತ. ಖರೇ ಏನ ಮರಗವ್ವಾ?"

ಎಲ್ಲರೂ ನನ್ನನ್ನೇ ನೋಡಿದರು. ಶಂಕ್ರೆಪ್ಪನೂ ನೋಡಿದ. ಮಲ್ಲಿಕಾ ನನ್ನ ಮೊಣಕೈ ಹಿಡಿದು ಮೆಲ್ಲಗೆ, "ಮಮ್ಮಿ, ಝೂಟ್ ಮತ್ ಬೋಲ್" ಎಂದಳು. ಸುಳ್ಳು ಹೇಳಬೇಡ, ಎಂದು.

"ಖರೇ" ಎಂದೆ. "ದಾರಿ ತುಂಬ ಅಣ್ಣನ ಹೆಸರು ತಗೋಂತ ಬಂದ."

ಮುದುಕಿ ಕಣ್ಣೊರೆಸಿಕೊಂಡಳು. ಮಲ್ಲಿಕಾ ನನ್ನ ಕೈ ಬಿಟ್ಟು ಎದ್ದು ಹೊರಗೆ ಹೋದಳು. ಊಟಕ್ಕೆ ಕರೆದರೂ ಒಳಗೆ ಬರಲಿಲ್ಲ.